ಗೋಡೆ ಬದಿಯ ನಂದಿಬಟ್ಟಲು

ಕಾಸಾರಶಿರಸಿಯ ನಮ್ಮ ಮನೆಯ ದಕ್ಷಿಣ ಗೋಡೆಗುಂಟ ಒಂದಿಷ್ಟು ನೆಲ ಖಾಲಿ ಬಿದ್ದಿತ್ತು. ದಿನವಿಡೀ ಬಿಸಿಲು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರಿಯುವ ಕರಿಮಣ್ಣು, ಮಳೆ ಬಿದ್ದರೆ ಕಾಲಿನ ಚಪ್ಪಲಿ ಬಿಡುತ್ತಿರಲಿಲ್ಲ. ಅಲ್ಲಿ ನಂದಿಬಟ್ಟಲು ಬೆಳೆಸುತ್ತೇನೆ ಎಂದಾಗ ಅತ್ತೆ ನಕ್ಕುಬಿಟ್ಟರು. ಲಿಂಗಪೂಜೆಗೆ ಅವರು ಸಂತೆಯ ಬಾಡಿದ ಹೂವನ್ನೇ ನೀರು ಚಿಮುಕಿಸಿ ಇಟ್ಟುಕೊಳ್ಳುತ್ತಿದ್ದರು.

ಮೊದಲ ಎರಡು ಸಸಿ ಮಳೆಗಾಲ ದಾಟಲಿಲ್ಲ. ಕಿತ್ತು ನೋಡಿದರೆ ಬೇರು ಕೊಳೆತು ಕಪ್ಪಗಾಗಿತ್ತು. ಅಲ್ಲಿ ಕಾಂಕ್ರೀಟ್ ಹಾಕಿ ನಮ್ಮ ಕಿರಾಣಿ ಅಂಗಡಿಯ ಟೆಂಪೊ ನಿಲ್ಲಿಸೋಣ ಎಂದ ಮೈದುನ. ಇನ್ನೊಂದು ವರ್ಷ ತಡೆ, ಅಷ್ಟರಲ್ಲಿ ಹೂ ಬಿಡದಿದ್ದರೆ ಕಾಂಕ್ರೀಟ್ ಹಾಕು ಎಂದೆ. ಅರೆಮನಸ್ಸಿನಿಂದ ಒಪ್ಪಿದ.

ಸಾಸ್ತೂರದಲ್ಲಿ ನನ್ನ ಸೋದರತ್ತೆ ಇದ್ದಾಳೆ. ತೊಂಬತ್ತಮೂರರ ಭೂಕಂಪದಲ್ಲಿ ಹಳೆ ಮನೆ ಬಿದ್ದ ಮೇಲೆ, ಹೊಸ ಮನೆಗೆ ಬಾಗಿಲು ಕೂರಿಸುವ ಮೊದಲೇ ಆಕೆ ನಂದಿಬಟ್ಟಲು ನೆಟ್ಟಿದ್ದಳಂತೆ. ನನ್ನ ಗೋಳು ಕೇಳಿ ಐದು ಟೊಂಗೆ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಕೊಟ್ಟಳು. "ಅದಕ್ಕ ನೀರು ಬೇಕು. ಆದ್ರ ಅದರ ಕಾಲು ನೀರಾಗ ನಿಂದರಬಾರದು, ತಿಳೀತೇನು?" ಎಂದಳು.

ತಿಳಿದಿತ್ತು. ಮೊಣಕಾಲುದ್ದ ಅಗೆದು ತಳಕ್ಕೆ ಕಲ್ಲು, ಅದರ ಮೇಲೆ ನೀರು ಬಸಿಯುವ ಮೊರಂ ಮಣ್ಣು, ಸಗಣಿ ಗೊಬ್ಬರ ತುಂಬಿ ನೆಲಕ್ಕಿಂತ ಎತ್ತರದ ಬದು ಕಟ್ಟಿ ಟೊಂಗೆ ನೆಟ್ಟೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಚಿಗುರು ಬಲಿಯುವ ತನಕ ಹಳೆ ಸೀರೆ ಕಟ್ಟಿ ನೆರಳು ಮಾಡಿದೆ. ಮುಂದಿನ ಮಳೆಗಾಲದಲ್ಲಿ ಐದೂ ಗಿಡ ನಿಂತವು. ಆದರೆ ವರ್ಷ ತುಂಬುತ್ತ ಬಂದರೂ ಬರೀ ಎಲೆ.

ಒಂದು ಬೆಳಿಗ್ಗೆ ಸಿಮೆಂಟು ಬಂದಿಳಿಯಿತು. ಬೇಡವೆನ್ನುವುದು ಹೇಗೆ? ಮಾತು ಕೊಟ್ಟವಳು ನಾನೇ. ಅಷ್ಟರಲ್ಲಿ ಅತ್ತೆ ಗೋಡೆ ಕಡೆಯಿಂದ ಬಂದರು. ಸೆರಗಿನಲ್ಲಿ ಮೂರು ಬಿಳಿ ಹೂವು, ಇನ್ನೂ ಇಬ್ಬನಿ ಆರಿರಲಿಲ್ಲ. ದಿನಾ ಮುಂಜಾನೆ ಯಾರಿಗೂ ಕಾಣದಂತೆ ಹೋಗಿ ಗಿಡ ನೋಡಿ ಬರುತ್ತಿದ್ದರೆಂದು ನನಗೆ ಅಂದೇ ಗೊತ್ತಾದದ್ದು.

"ಗಾಡಿ ಬೀದ್ಯಾಗ ನಿಂದರ್ತದ," ಎಂದು ಮಗನಿಗೆ ಹೇಳಿದರು. "ನನ್ನ ಪೂಜಿ ಹೂವು ಬೀದ್ಯಾಗ ಬೆಳೀತಾವೇನು?"

ಮೈದುನ ಆ ಸಿಮೆಂಟಿನಿಂದ ಬದುವಿಗೆ ತಾನೇ ನಿಂತು ಕಟ್ಟೆ ಕಟ್ಟಿಸಿದ.

ಈಗ ಗಿಡಗಳು ನನ್ನ ತಲೆಗಿಂತ ಎತ್ತರ. ವೈಶಾಖದಲ್ಲೂ ಎಲೆ ಉದುರಿಸದೆ ಹಸಿರಾಗಿ ನಿಲ್ಲುತ್ತವೆ. ಉದಗೀರದ ಬೀಗರು ಬಂದರೆ ಅತ್ತೆ ಮೊದಲು ಅಲ್ಲಿಗೇ ಕರೆದೊಯ್ದು, ನಮ್ಮ ಸೊಸಿ ಬೆಳೆಸಿದ್ದು ಎನ್ನುತ್ತಾರೆ. ಬೇಕೆಂದವರಿಗೆಲ್ಲ ನಾನು ಟೊಂಗೆ ಕತ್ತರಿಸಿ ಕೊಡುತ್ತೇನೆ, ಕೊಡುವಾಗ ಎದೆ ಉಬ್ಬುತ್ತದೆ. ಉಬ್ಬಲಿ, ಅದಕ್ಕೇನು ನಾಚಿಕೆ.