ಹಲ್ಲಿಗೆ ಹತ್ತಿದ ಬೆಳ್ಳಿ ಬಣ್ಣ

ಸೈಕಲ್ ಚಾಚಾ ಚಕ್ರಗಳನ್ನು ಹಲ್ಲಿನಿಂದ ಪರೀಕ್ಷಿಸುತ್ತಿದ್ದರು. ತಿರುಗುವ ಚಕ್ರದ ಅಚ್ಚಿನ ತುದಿಯನ್ನು ಮುಂದಿನ ಹಲ್ಲಿಗೆ ಒತ್ತಿ, ಕಣ್ಣು ಮುಚ್ಚಿ, "ಒಳಗ ಹಳ್ಳು ಐತ್ರಿ" ಎನ್ನುತ್ತಿದ್ದರು. ಬಿಚ್ಚಿದರೆ ಬೇರಿಂಗಿನ ಗೋಲಿಗಳ ನಡುವೆ ಮರಳಿನ ಕಾಳೊಂದು ಇದ್ದೇ ಇರುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕೊಟ್ಟೂರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಹೊಸ ಮೇಷ್ಟ್ರು, ತಲೆತುಂಬ ಉಪಗ್ರಹ. ಹಗರಿಬೊಮ್ಮನಹಳ್ಳಿಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಆಕಾಶದಲ್ಲಿ ಕಾಲೂರಿ ತಿರುಗಲು ನೆಲವಿಲ್ಲ. ಉಪಗ್ರಹ ತನ್ನೊಳಗಿನ ಚಕ್ರವನ್ನು ಒಂದು ಕಡೆ ತಿರುಗಿಸಿ ತಾನು ಇನ್ನೊಂದು ಕಡೆ ಹೊರಳುತ್ತದೆ. ಅದನ್ನು ತೋರಿಸಲು ತಂತಿಗೆ ತೂಗುಬಿಟ್ಟ ಹಲಗೆ, ಅದರ ಮೇಲೆ ಬ್ಯಾಟರಿ ಮೋಟಾರಿನಿಂದ ಓಡುವ ಮಕ್ಕಳ ಸೈಕಲ್ಲಿನ ಚಕ್ರ ಬೇಕೆಂದು ಚಾಚಾನ ಬೆನ್ನು ಬಿದ್ದೆ. ಮಾದರಿ ಚೆನ್ನಾಗಿ ಬಂದರೆ ಪ್ರಯೋಗಾಲಯದ ಮೆಕ್ಯಾನಿಕ್ ಕೆಲಸ ಅವರಿಗೇ ಎಂದು ಪ್ರಾಂಶುಪಾಲರು ಮಾತು ಕೊಟ್ಟಿದ್ದರು. ರಸ್ತೆ ಬದಿಯ ಬಿಸಿಲಲ್ಲೇ ಅರ್ಧ ಆಯುಷ್ಯ ಕಳೆದಿದ್ದ ಚಾಚಾ, "ತಲಿ ಮ್ಯಾಲೆ ನೆರಳು ಸಿಗತೈತ್ರಿ" ಎಂದು ಖುಷಿಪಟ್ಟಿದ್ದರು.

"ಮ್ಯಾಲೆ ಹೋದಮ್ಯಾಲೆ ಚಕ್ರ ಹಿಡಕಂಡ್ರ ಪಾನಾ ತಗಂಡು ಯಾರು ಹೋಗ್ತಾರ್ರಿ ಮೇಷ್ಟ್ರೇ? ಇನ್ನೊಂದು ಹಾಕೂನು" ಎಂದು ಎರಡನೆಯ ಚಕ್ರ ಕೂಡಿಸಿದವರು ಅವರೇ. ಚಕ್ರ ನಿಂತರೆ ಕೆಂಪು ದೀಪ ಹತ್ತುವ ತಂತಿಯನ್ನೂ ಜೋಡಿಸಿದರು. ದೀಪ ಯಾಕೆ ಎಂದೆ. "ಕೆಟ್ಟದ್ದು ತಾನಾಗಿ ಕೆಟ್ಟೀನಿ ಅನ್ನಬೇಕ್ರಿ. ಆವಾಗ ಉಳಿದದ್ದು ಸಂಭಾಳಿಸ್ತೈತಿ. ಅಚ್ಚಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ."

ನನಗೋ ಅದು ನಿಜವಾದ ಉಪಗ್ರಹದಂತೆ ಫಳಫಳ ಹೊಳೆಯಬೇಕಿತ್ತು. ಪ್ರದರ್ಶನದ ಹಿಂದಿನ ಸಂಜೆ ಬೆಳ್ಳಿ ಬಣ್ಣ ತಂದು, ತೆಳ್ಳಗೆ ಕಲಸಿ, ಎರಡೂ ಚಕ್ರಗಳಿಗೆ ಅಚ್ಚಿನವರೆಗೆ ಬಳಿದೆ. ಬಣ್ಣ ಇಳಿದು ಬೇರಿಂಗಿನೊಳಗೆ ಗಟ್ಟಿಯಾಯಿತು.

ಮರುದಿನ ಅತಿಥಿಗಳ ಮುಂದೆ ಸ್ವಿಚ್ ಒತ್ತಿದೆ. ಮೋಟಾರು ಗುಂಯ್‌ಗುಟ್ಟಿತು, ಕೆಂಪು ದೀಪ ಹತ್ತಿತು. ಎರಡನೆಯ ಸ್ವಿಚ್ ಒತ್ತಿದೆ. ಅದರ ದೀಪವೂ ಹತ್ತಿತು. ಹಲಗೆ ಮಿಸುಕಲಿಲ್ಲ. ಯಾರೋ ಕಿಸಕ್ಕೆಂದರು. "ಏನ್ರೀ ಇದು?" ಎಂದರು ಪ್ರಾಂಶುಪಾಲರು.

"ಮೆಕ್ಯಾನಿಕ್ ಸರಿಯಾಗಿ ಕೂಡಿಸಿಲ್ಲ ಸಾರ್" ಎಂದೆ. ಎಷ್ಟು ಸಲೀಸಾಗಿ ಬಾಯಿಗೆ ಬಂತು ಆ ಮಾತು.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದೆ ನಿಂತಿದ್ದ ಚಾಚಾ ಮುಂದೆ ಬಂದರು. ಚಕ್ರ ಬಿಚ್ಚಿ, ಅಚ್ಚನ್ನು ಹಲ್ಲಿಗೆ ಒತ್ತಿ, ಕೈಯಿಂದ ತಿರುಗಿಸಲು ನೋಡಿದರು. ತೆಗೆದಾಗ ಹಲ್ಲಿನ ಮೇಲೆ ಬೆಳ್ಳಿ ಬಣ್ಣ ಹತ್ತಿತ್ತು. ನನ್ನ ಮುಖ ನೋಡಿದರು. ಆಮೇಲೆ ಪ್ರಾಂಶುಪಾಲರ ಕಡೆ ತಿರುಗಿ, "ಹೌದ್ರಿ ಸಾಹೇಬ್ರ, ನನ್ನ ಕಡೀಂದನ ತಪ್ಪಾಗೈತಿ" ಎಂದರು.

ಕೆಲಸ ಬೇರೆಯವರಿಗೆ ಹೋಯಿತು. ಎರಡು ದಿನ ಬಿಟ್ಟು ಅವರ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದಾಗ, ಗಾಳಿ ಹಾಕುತ್ತ, "ಚಾ ಕುಡೀತೀರೇನ್ರಿ?" ಎಂದರಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಕೆಲವು ವರ್ಷಗಳಲ್ಲಿ ಚಾಚಾ ತೀರಿಕೊಂಡರು, ಕೊನೆಯವರೆಗೂ ಅದೇ ಬಿಸಿಲಲ್ಲಿ ಕೂತು. ಮಣ್ಣಿಗೆ ಹೋಗಿದ್ದೆ. ಪಕ್ಕದಲ್ಲಿದ್ದ ಪ್ರಾಂಶುಪಾಲರು, "ಬಂಗಾರದಂಥ ಕೈ. ಆವತ್ತೊಂದಿನ ಯಾಕೋ ತಪ್ಪಿತು ನೋಡ್ರಿ" ಎಂದರು. ಹೇಳಿಬಿಡಬಹುದಿತ್ತು. ನಾನು "ಹೂಂ" ಎಂದೆ.

ಆ "ಹೂಂ" ಇವತ್ತಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ. ಪ್ರಾಂಶುಪಾಲರೂ ಈಗಿಲ್ಲ, ಯಾರ ಮುಂದೆ ಹೇಳಬೇಕಿತ್ತೋ ಅವರಿಬ್ಬರೂ ಹೋದ ಮೇಲೆ ಬರೆಯುತ್ತಿದ್ದೇನೆ. ಚಾಚಾನ ಕೈ ತಪ್ಪಿರಲಿಲ್ಲ. ಬಣ್ಣ ಹಚ್ಚಿದವನು ನಾನು.