ಬುರ್ಗಿ ಬರೆಯದ ಸಾಲು

ನಮ್ಮ ಹಿಮಬೆಟ್ಟದ ಊರು ಹಿಂಟರ್‌ಲಾನ್‌ನಲ್ಲಿ ಮಕ್ಕಳು ಅಂಬೆಗಾಲು ಬಿಟ್ಟ ಮರುವರ್ಷವೇ ಸ್ಕೀ ಹಲಗೆಯ ಮೇಲೆ ನಿಲ್ಲುತ್ತವೆ. ಹಾಗಾಗಿ ಇಲ್ಲಿಯವರನ್ನು ಸ್ಕೀ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ, ಕೇಳಿದವರನ್ನೇ ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಬುರ್ಗಿ ಮಾತ್ರ ಒಲೆಯ ಕಡೆ ತಿರುಗಿ, "ತಡೀರಿ, ಸೂಪು ಉಕ್ಕತ್ತೆ" ಎನ್ನುತ್ತಿದ್ದಳು.

ಬುರ್ಗಿಯ ಪೂರ್ತಿ ಹೆಸರು ನೋಟ್‌ಬುರ್ಗಾ. ವಯಸ್ಸು ಐವತ್ತೆಂಟು. ಚರ್ಚಿನ ಹಿಂದೆ ಆರು ಕೋಣೆಗಳ ವಸತಿಗೃಹ ನಡೆಸುತ್ತಾಳೆ. ಅಲ್ಲಿಗೆ ಬರುವವರೆಲ್ಲ ನಡುವಿನವರು, ಅಂದರೆ ಹೊಸಬರೂ ಅಲ್ಲ, ಪಳಗಿದವರೂ ಅಲ್ಲ. ಹೊಸಬರನ್ನು ಸ್ಕೀ ಮೇಷ್ಟರು ಕೈಹಿಡಿದು ನಡೆಸುತ್ತಾರೆ, ಪಳಗಿದವರನ್ನು ಯಾರೂ ಕೇಳುವುದಿಲ್ಲ. ಈ ನಡುವಿನವರದೇ ಪಜೀತಿ. ಸೋಮವಾರ ಹುಲಿಗಳಾಗಿರುತ್ತಾರೆ, ಬುಧವಾರ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುತ್ತಾರೆ.

ಅವರಿಗಾಗಿ ಬುರ್ಗಿ ಯೋಜನೆ ಬರೆಯುತ್ತಾಳೆ. ಶನಿವಾರ ಬಂದವರಿಗೆ ಭಾನುವಾರ ಬೆಳಿಗ್ಗೆ ಕಾಫಿಯ ಪಕ್ಕದಲ್ಲಿ ಆರು ದಿನದ ಕಾಗದ ಸಿದ್ಧ. ಅದರಲ್ಲಿ ಹೀಗಿರುತ್ತದೆ: "ಸೋಮವಾರ, ಪೂರ್ವದ ಇಳಿಜಾರು, ಹನ್ನೊಂದರೊಳಗೆ ಮುಗಿಸಿ. ಆಮೇಲೆ ಹಿಮ ಗಂಜಿಯಾಗುತ್ತದೆ. ಮೂರನೇ ತಿರುವಿನಲ್ಲಿ ಎಡಕ್ಕೆ ನೋಡಬೇಡಿ. ನೋಡಿದರೆ ಅಲ್ಲೇ ನಿಲ್ಲುತ್ತೀರಿ. ಬುಧವಾರ ಅರ್ಧ ದಿನ ಸಾಕು. ತೊಡೆ ನೋಯುತ್ತಿರುತ್ತದೆ, ಇಲ್ಲ ಎಂದು ಗಂಡನ ಮುಂದೆ ಸುಳ್ಳು ಹೇಳಬೇಡಿ." ತಾನು ಇಳಿಯದ ಇಳಿಜಾರನ್ನು ಅವಳು ಬರೆಯುವುದಿಲ್ಲ. ಅದೊಂದು ನೇಮ ಅವಳದು.

ಇಳಿಯದೆ ಉಳಿದದ್ದು ಒಂದೇ. ಪಾದ್ರಿಯ ಗೋಡೆ ಎಂದು ನಾವು ಕರೆಯುವ ಇಳಿಜಾರು.

ಆ ಗೋಡೆಯ ಬುಡದಲ್ಲೇ ನನ್ನ ಗೂಡು. ನಾನು ವಿನ್ಸೆನ್ಸ್, ಕುರ್ಚಿ ಲಿಫ್ಟ್ ನಡೆಸುವವನು. ಇಪ್ಪತ್ತಾರು ಚಳಿಗಾಲ ಇಡೀ ಗೋಡೆಯನ್ನು ಕಿಟಕಿಯಲ್ಲಿ ನೋಡಿದ್ದೇನೆ. ಅದು ಎಷ್ಟು ಕಡಿದಾಗಿದೆ ಎಂದು ಹೇಳಲು ನನಗೆ ಬಾರದು. ಮೇಲೆ ಕೈಜಾರಿದ ಕೈಗವಸು ತಾನಾಗಿ ನನ್ನ ಬಾಗಿಲಿಗೆ ಬರುತ್ತದೆ ಎಂದರೆ ಸಾಕಲ್ಲ.

ಆದರೂ ಅದರ ಮೇಲೆ ಕೆಂಪು ಗುರುತಿನ ಹಲಗೆ ಇದೆ. ನೀಲಿ ಸುಲಭದ್ದು, ಕೆಂಪು ನಡುವಿನವರದು, ಕಪ್ಪು ಪಳಗಿದವರದು. ಬಣ್ಣ ತೀರ್ಮಾನಿಸಲು ಊರಿನವರೆಲ್ಲ ಹೋಟೆಲಿನಲ್ಲಿ ಸೇರಿದ್ದೆವು. ಯಾರೋ "ಕಪ್ಪು ಹಾಕೋಣ" ಎಂದದ್ದೇ ತಡ, ಬುರ್ಗಿಯ ತಮ್ಮ ಕೊರ್ಬಿನಿಯನ್, ಸ್ಕೀ ಮೇಷ್ಟರು, ಮೇಜು ಕುಟ್ಟಿದ. "ಕಪ್ಪಾ? ನನ್ನ ಮಗಳು ನಾಲ್ಕು ವರ್ಷಕ್ಕೇ ಇಳಿದ್ಲು ಕಣ್ರೋ! ಪಕ್ಕದ ಕಣಿವೆಯೋರು ಬಿದ್ದು ಬಿದ್ದು ನಗ್ತಾರೆ!" ಎಲ್ಲರೂ ಕೆಂಪಿಗೆ ಕೈ ಎತ್ತಿದರು. ನಾನೂ ಎತ್ತಿದೆ. ಅಂದಿನಿಂದ ಆ ಗೋಡೆಗೆ ಹೆದರುವ ಹಕ್ಕು ಊರಿನಲ್ಲಿ ಯಾರಿಗೂ ಉಳಿಯಲಿಲ್ಲ.

ಬುರ್ಗಿ ಗೋಡೆಯ ನೆತ್ತಿಯಲ್ಲಿರುವ ಗುಡಿಸಲಿನಂಥ ಹೋಟೆಲಿಗೆ ಮೊಟ್ಟೆ ಕೊಡಲು ಲಿಫ್ಟಿನಲ್ಲಿ ಹೋಗುತ್ತಾಳೆ, ಲಿಫ್ಟಿನಲ್ಲೇ ಇಳಿಯುತ್ತಾಳೆ. ನಮ್ಮಲ್ಲಿ ಲಿಫ್ಟಿನಲ್ಲಿ ಕೆಳಗಿಳಿಯುವವರು ಕಾಲು ಮುರಿದವರು ಮಾತ್ರ. "ಖಾಲಿ ಬುಟ್ಟಿ ಹಿಡ್ಕೊಂಡು ಸ್ಕೀ ಮಾಡೋಕಾಗತ್ತಾ?" ಎನ್ನುತ್ತಾಳೆ. ಸಾಲಿನಲ್ಲಿ ನಿಂತವರು, "ಮೊಟ್ಟೆ ರಾಣಿ ಬಂದ್ಲು, ದಾರಿ ಬಿಡಿ" ಎಂದು ಕಿಚಾಯಿಸುತ್ತಾರೆ. ಅವಳೂ ನಗುತ್ತಾಳೆ. ನನಗೆ ಆ ನಗು ಕಂಡರೆ ಸಂಕಟವಾಗುತ್ತಿತ್ತು.

ಈ ಫೆಬ್ರವರಿಯಲ್ಲಿ ಫ್ರೀಡೆರಿಕೆ ಬಂದಳು. ಉತ್ತರದ ಸಮುದ್ರ ತೀರದವಳು, ಹತ್ತೊಂಬತ್ತು ವರ್ಷದಿಂದ ಅದೇ ಮೂರನೇ ಕೋಣೆ. ಊಟದ ಮೇಜಿನಲ್ಲಿ ಅವಳಿಗೂ ಬುರ್ಗಿಗೂ 'ನೀವು', ಬೆಟ್ಟದ ಮೇಲೆ 'ನೀನು'. ಮೇಲೆ ಹೋದ ಮೇಲೆ ನಾವು ಪಟ್ಟಣದ ಮೇಯರನ್ನೂ ನೀನು ಎಂದೇ ಕರೆಯುವುದು.

"ಏಪ್ರಿಲ್‌ನಲ್ಲಿ ಮಂಡಿ ಆಪರೇಷನ್ನು, ಬುರ್ಗಿ. ಆಮೇಲೆ ಸ್ಕೀ ಇಲ್ಲ ಅಂದಿದಾರೆ ಡಾಕ್ಟ್ರು," ಎಂದಳು ಭಾನುವಾರ. "ಕಣಿವೆಯ ಪೂರ್ತಿ ಸುತ್ತು ಒಂದ್ಸಲ ಸ್ಕೀನಲ್ಲೇ ಹಾಕ್ಬೇಕು. ಪ್ರತಿ ವರ್ಷ ಆ ಕಡೆಯಿಂದ ಬಸ್ಸಲ್ಲಿ ವಾಪಸ್ ಕಳಿಸ್ತೀರಲ್ಲ, ಈ ಸಲ ಬಸ್ಸು ಬೇಡ. ಬರೆದುಕೊಡ್ತೀರಾ?"

ಬಸ್ಸಿಲ್ಲದೆ ಸುತ್ತು ಮುಗಿಯಬೇಕಾದರೆ ಪಾದ್ರಿಯ ಗೋಡೆ ಇಳಿದೇ ಮುಗಿಯಬೇಕು. ಬುರ್ಗಿ ತಟ್ಟೆ ಒರೆಸಿದ್ದನ್ನೇ ಒರೆಸಿದಳು. ಸುಳ್ಳು ಬರೆದರೆ ನೇಮ ಹೋಗುತ್ತದೆ. ನಿಜ ಹೇಳಿದರೆ ಊರಿನಲ್ಲಿ ಮಾನ ಹೋಗುತ್ತದೆ. ಅಷ್ಟರಲ್ಲಿ ಕಾಫಿಗೆಂದು ಬಂದು ಕೂತಿದ್ದ ಕೊರ್ಬಿನಿಯನ್ ಬಾಯಿ ಹಾಕಿದ. "ಅದರಲ್ಲಿ ಬರೆಯೋದೇನಕ್ಕಾ? ಸ್ಕೀ ಮೂತಿ ಕೆಳಗೆ ಮಾಡಿ ಬಿಡೋದು. ನೂರು ಸಲ ಇಳಿದೋಳು ನೀನು!"

"ಬರೀತೀನಿ," ಎಂದಳು ಬುರ್ಗಿ.

ಮಂಗಳವಾರ ಲಿಫ್ಟ್ ತೆರೆಯುವ ಮೊದಲೇ ಅವಳು ನನ್ನ ಗೂಡಿನ ಮುಂದೆ ನಿಂತಿದ್ದಳು. ಬುಟ್ಟಿ ಇರಲಿಲ್ಲ, ಸ್ಕೀ ಇತ್ತು. ನಾನು ಲಿಫ್ಟ್ ಹಾಕಿದೆ. ಅವಳು ನೆತ್ತಿಯಲ್ಲಿ ಕಾಲು ಗಂಟೆ ನಿಂತಳು. ಒಮ್ಮೆ ಮುಂದೆ ಬಾಗಿದಳು, ಹಿಂದೆ ಸರಿದಳು. ನಾನು ಗಾಜಿಗೆ ಮೂಗು ಒತ್ತಿಕೊಂಡು, ಇಳೀ ಮಾರಾಯ್ತಿ, ಇಳೀ ಎಂದು ಗೊಣಗುತ್ತಿದ್ದೆ. ಕೊನೆಗೆ ಕುರ್ಚಿಯಲ್ಲಿ ಕೂತು ಇಳಿದು ಬಂದಳು.

"ಏನೂ ಹೇಳ್ಬೇಡ," ಎಂದಳು.

"ನಾನೇನು ಹೇಳ್ದೆ?"

"ಮುಖ ಹೇಳ್ತಿದೆ. ಅದನ್ನ ಆ ಕಡೆ ತಿರುಗ್ಸು."

ಬುಧವಾರ ರಾತ್ರಿಯ ಊಟಕ್ಕೆ ನಾನು ಅವಳಲ್ಲಿ ಹೋಗುವುದು ರೂಢಿ. ಸೂಪಿನಲ್ಲಿ ತೇಲುವ ಅವಳ ಬ್ರೆಡ್ ಉಂಡೆಗಳನ್ನು ಬಿಡಲಾಗುವುದಿಲ್ಲ. ಫ್ರೀಡೆರಿಕೆ ಕಾಗದ ಎತ್ತಿ ತೋರಿಸಿದಳು. ಗುರುವಾರದ ಸುತ್ತು ತಿರುವು ತಿರುವಾಗಿ ಬರೆದಿತ್ತು, ಎಲ್ಲಿ ನೀರು ಕುಡಿಯಬೇಕು, ಎಲ್ಲಿ ಬೂಟಿನ ಪಟ್ಟಿ ಬಿಗಿಯಬೇಕು ಎಂಬುದೂ ಇತ್ತು. ಕೊನೆಯ ಸಾಲು ಮಾತ್ರ ಖಾಲಿ.

"ಇಲ್ಲಿ ಏನೂ ಇಲ್ವಲ್ಲ?"

"ಅದನ್ನ ಅಲ್ಲೇ ನೋಡೋಣ," ಎಂದಳು ಬುರ್ಗಿ. "ನಾನೂ ಬರ್ತೀನಿ."

ನನ್ನ ಚಮಚದಲ್ಲಿದ್ದ ಉಂಡೆ ಜಾರಿ ಮತ್ತೆ ಸೂಪಿಗೇ ಬಿತ್ತು.

ಗುರುವಾರ ಮಧ್ಯಾಹ್ನ ಎರಡು ಗಂಟೆ. ಕೆಳಗೆ ಲಿಫ್ಟಿನ ಸಾಲು ಕಾರು ನಿಲ್ಲಿಸುವ ಜಾಗದವರೆಗೆ ಬೆಳೆದಿತ್ತು. ಕೊರ್ಬಿನಿಯನ್ ತನ್ನ ಶಿಷ್ಯರ ಗುಂಪಿನೊಂದಿಗೆ ಮುಂದೆಯೇ ನಿಂತಿದ್ದ. ಆಗ ನೆತ್ತಿಯಲ್ಲಿ ಎರಡು ಆಕೃತಿಗಳು ಕಂಡವು. ಬುರ್ಗಿಯ ಹಸಿರು ಟೋಪಿ ಎಲ್ಲರಿಗೂ ಗೊತ್ತು.

"ಅಕ್ಕಾ! ಬಿಡು ನೇರ! ಸುಲಭ ಅಂತ ಅವರಿಗೆ ತೋರ್ಸು!" ಎಂದು ಕೊರ್ಬಿನಿಯನ್ ಕೂಗಿದ.

ಮೇಲೆ ನಡೆದದ್ದನ್ನು ಫ್ರೀಡೆರಿಕೆ ಆಮೇಲೆ ನನಗೆ ಹೇಳಿದಳು. ಕೆಳಗೆ ನೋಡಿದ್ದೇ ಅವಳು ಹಿಂದೆ ಸರಿದಳಂತೆ. "ನನ್ನ ಕೈಲಾಗಲ್ಲ, ಬುರ್ಗಿ. ನೀನು ಹೋಗು, ನಾನು ಲಿಫ್ಟಲ್ಲಿ ಬರ್ತೀನಿ" ಎಂದಳಂತೆ. ಬುರ್ಗಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿತ್ತೇ? ಅವಳ ಜೊತೆಗೆ ಲಿಫ್ಟಿನಲ್ಲಿ ಇಳಿದು ಬಂದಿದ್ದರೆ ಮಾನವೂ ಉಳಿಯುತ್ತಿತ್ತು. ಆದರೆ ಅವಳು ಹೇಳಿದ್ದು ಇಷ್ಟು: "ನಾನೂ ಇದನ್ನ ಯಾವತ್ತೂ ಇಳಿದಿಲ್ಲ. ನಂಗೂ ಪ್ರಾಣಭಯ. ಆ ಕಂಬ ಇದೆಯಲ್ಲ, ಅಲ್ಲಿವರೆಗೆ ಅಡ್ಡಕ್ಕೆ ಹೋಗೋಣ. ಅಲ್ಲಿ ನಿಂತು ಮುಂದಿನದು ಯೋಚ್ನೆ ಮಾಡೋಣ."

ಹಾಗೆ ಅಡ್ಡ ಹೋಗಿ, ನಿಂತು, ತಿರುಗಿ, ಮತ್ತೆ ಅಡ್ಡ ಹೋದರು. ನಾನು ಮೂವತ್ತೊಂದು ತಿರುವು ಎಣಿಸಿದೆ. ಹದಿನೇಳನೆಯದರಲ್ಲಿ ಬುರ್ಗಿ ಕುಂಡೆಯ ಮೇಲೆ ಕೂತು ಒಂದು ಮನೆಯ ಉದ್ದದಷ್ಟು ಜಾರಿದಳು. ಸಾಲಿನಲ್ಲಿ ನಗು ಎದ್ದಿತು. ಫ್ರೀಡೆರಿಕೆ ಅವಳ ಹತ್ತಿರ ಇಳಿದು ಬಂದು ಕೋಲು ಚಾಚಿ ಎಬ್ಬಿಸಿದಳು. ನಲವತ್ತು ನಿಮಿಷವಾದ ಮೇಲೆ ಇಬ್ಬರೂ ಕೆಳಗೆ ಮುಟ್ಟಿದರು. ಫ್ರೀಡೆರಿಕೆ ಅಳುತ್ತಾ ನಗುತ್ತಾ ಸಿಕ್ಕವರನ್ನೆಲ್ಲ ತಬ್ಬಿಕೊಂಡಳು.

ಕೊರ್ಬಿನಿಯನ್ ಕೆಂಪಗಾಗಿದ್ದ. "ಏನಕ್ಕಾ ಇದು? ಶಿಷ್ಯರ ಮುಂದೆ ಮಾನ ಕಳೆದ್ಯಲ್ಲ. ಒಂದು ಕೆಂಪು ಇಳಿಯೋಕೆ ನಲವತ್ತು ನಿಮಿಷಾನಾ?"

"ಹೆದರಿಕೆ ಕಣೋ," ಎಂದಳು ಬುರ್ಗಿ. ಟೋಪಿಯೊಳಗಿನ ಹಿಮ ಕೊಡವಿದಳು. "ಹುಟ್ಟಿದಾಗಿನಿಂದ ಹೆದರಿಕೆ. ಇವತ್ತೇ ಮೊದಲ್ನೇ ಸಲ ಇಳಿದಿದ್ದು."

ನನಗೆ ಇನ್ನು ತಡೆಯಲಾಗಲಿಲ್ಲ. ಲಿಫ್ಟ್ ನಿಲ್ಲಿಸಿ ಹೊರಗೆ ಬಂದೆ. ಮೇಲೆ ಕುರ್ಚಿಗಳಲ್ಲಿ ನೇತಾಡುತ್ತಿದ್ದವರು ಬೈದರು. ಬೈದುಕೊಳ್ಳಲಿ.

"ನಾನೂ ಇಳಿದಿಲ್ಲ," ಎಂದೆ.

ಕೊರ್ಬಿನಿಯನ್ ಬಾಯಿ ಬಿಟ್ಟ. "ನೀನಾ? ಇಪ್ಪತ್ತಾರು ವರ್ಷದಿಂದ ಇದರ ಬುಡದಲ್ಲೇ ಕೂತಿದೀಯಲ್ಲೋ!"

"ಅದಕ್ಕೇ ಇಳಿದಿಲ್ಲ. ಬೀಳೋರನ್ನೆಲ್ಲ ನೋಡ್ತಾನೇ ಕೂತಿದೀನಿ."

ನನ್ನ ಕಿವಿ ಸುಡುತ್ತಿತ್ತು. ಸತ್ತರೂ ಬಾಯಿಬಿಡಬಾರದು ಎಂದುಕೊಂಡಿದ್ದ ಮಾತದು. ಬುರ್ಗಿಗೆ ಮಾತ್ರ ಒಂದಿಷ್ಟೂ ಆಶ್ಚರ್ಯವಾದಂತೆ ಕಾಣಲಿಲ್ಲ.

"ಗೊತ್ತಿತ್ತು ಬಿಡು," ಎಂದಳು.

"ನಿಂಗೆ ಹೇಗೆ ಗೊತ್ತು?"

"ಇಷ್ಟು ವರ್ಷದಲ್ಲಿ ಈ ಊರಲ್ಲಿ ನನ್ನ ಗೇಲಿ ಮಾಡದೇ ಇರೋನು ನೀನೊಬ್ಬನೇ, ವಿನ್ಸ್."