ಹಾಯಿಕಂಬಕ್ಕೆ ಎಷ್ಟು ಮೊಳ?

ಎತ್ತರದ ವಸ್ತು ಕಂಡರೆ ಅದು ಎಷ್ಟಿದ್ದೀತು ಎಂದು ಲೆಕ್ಕ ಹಾಕದೆ ನನಗೆ ಮುಂದಕ್ಕೆ ಹೋಗಲಾಗುವುದಿಲ್ಲ. ಇದು ರೋಗವೋ ಚಟವೋ ನನಗೇ ಗೊತ್ತಿಲ್ಲ. ಬೆಳಗಾವಿಯ ಟಿಳಕವಾಡಿಯ ಸಾಲೆಯಲ್ಲಿ ಹುಡುಗಿಯರಿಗೆ ಗಣಿತ ಕಲಿಸಿ ಕಲಿಸಿ ಅಂಟಿಕೊಂಡದ್ದು, ನಿವೃತ್ತಿಯಾದರೂ ಬಿಟ್ಟಿಲ್ಲ. ಮದುವೆ ಮನೆಯಲ್ಲಿ ಉಳಿದವರು ವರನ ಸಂಬಳ ವಿಚಾರಿಸುತ್ತಿದ್ದರೆ ನಾನು ಮಂಟಪದ ಕಂಬ ನೋಡುತ್ತಿರುತ್ತೇನೆ. ಹಲಸಿಯ ದೇವಸ್ಥಾನಕ್ಕೆ ಹೋದಾಗ ಕೈ ಮುಗಿಯುವ ಮೊದಲು ಶಿಖರದ ನೆರಳು ಎಲ್ಲಿಗೆ ಬಿದ್ದಿದೆ ಎಂದು ನೋಡಿ, ನಮ್ಮ ಮನೆಯವರಿಂದ ಬೈಸಿಕೊಂಡಿದ್ದೇನೆ. ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಆದರೆ ಈ ಚಟವೇ ಒಮ್ಮೆ ನನ್ನ ತಮ್ಮನ ಜೀವವನ್ನು ಒಂದು ವಿದ್ಯುತ್ ತಂತಿಯ ಕೆಳಗೆ ತಂದು ನಿಲ್ಲಿಸಿತು.

ನನ್ನ ತಮ್ಮ ಶಿವಾನಂದ ನೌಕಾಪಡೆಯಲ್ಲಿ ದುಡಿದು ನಿವೃತ್ತನಾಗಿ ಖಾನಾಪುರದ ಹೊಲಕ್ಕೆ ಮರಳಿದವನು. ಮರಳಿದ್ದು ಅವನೊಬ್ಬನೇ ಅಲ್ಲ. ಗೋವೆಯಿಂದ ಘಟ್ಟ ಹತ್ತಿಸಿ ಲಾರಿಯ ಮೇಲೆ ಒಂದು ಹಳೆಯ ಹಾಯಿದೋಣಿಯನ್ನೂ ತಂದ. ಖಾನಾಪುರಕ್ಕೆ ಸಮುದ್ರ ಬರುವ ಲಕ್ಷಣ ಯಾವುದೂ ಇಲ್ಲದ್ದರಿಂದ, ಹೊಲದ ಆಚೆಗಿನ ಕೆರೆಯಲ್ಲೇ ಅದನ್ನು ಬಿಡುವುದೆಂದು ನಿಶ್ಚಯಿಸಿದ. ಓಣಿಯ ಮಂದಿ ನೋಡಲಿ ಎಂದು ಅಂಗಳದಲ್ಲಿ, ಟ್ರ್ಯಾಕ್ಟರಿನ ಟ್ರೇಲರ್ ಮೇಲೆಯೇ ದೋಣಿಗೆ ಅಲ್ಯೂಮಿನಿಯಂ ಹಾಯಿಕಂಬ ನಿಲ್ಲಿಸಿದ. ನಿಲ್ಲಿಸಿದ್ದು ಸಲೀಸಾಗಿ ಆಯಿತು. ಮಲಗಿಸಲು ಹೋದರೆ ಬುಡದ ಬೋಲ್ಟು ತುಕ್ಕು ಹಿಡಿದು ಕೂತುಬಿಟ್ಟಿತ್ತು. ಎಣ್ಣೆ ಬಿಟ್ಟರು, ಸುತ್ತಿಗೆಯಿಂದ ಬಡಿದರು, ಶಿವಾನಂದ ಹಡಗಿನ ಭಾಷೆಯಲ್ಲಿ ಬೈದ. ಕಂಬ ಮಾತ್ರ ಜಗ್ಗಲಿಲ್ಲ.

ಕೆರೆಯ ದಾರಿಗೆ ಅಡ್ಡವಾಗಿ ಒಂದು ಹೈಟೆನ್ಷನ್ ತಂತಿ ಹಾದಿದೆ. ಲೈನ್‌ಮನ್ ಬಂದು ತಂತಿಯ ಎತ್ತರ ಹೇಳಿ, "ನಿಮ್ಮ ಕಂಬಕ್ಕೂ ತಂತಿಗೂ ನಡುವ ಮೂರು ಮೊಳ ಅಂತರ ಇದ್ದರ ಹೋಗ್ರಿ. ಇಲ್ಲಾಂದ್ರ ಹಬ್ಬ ಮುಗದ ಮ್ಯಾಲ ಕರೆಂಟ್ ತಗಸೂಣು," ಎಂದು ಹೋದ. ಹಬ್ಬವೆಂದರೆ ಯುಗಾದಿ ಪಾಡ್ಯ. ಶಿವಾನಂದನಿಗೆ ದೋಣಿ ಅದೇ ದಿನ ನೀರಿಗಿಳಿಯಬೇಕು. ಮೇಲಾಗಿ, ಕ್ಯಾಪ್ಟನ್ ಆದವನು ದೋಣಿ ಬಿಟ್ಟು ಇಳಿಯಬಾರದಂತೆ. ಆದ್ದರಿಂದ ದಾರಿಯುದ್ದಕ್ಕೂ ಅವನು ಅದೇ ಕಂಬ ಹಿಡಿದು ನಿಂತು ಬರುವವನು.

ಅವನ ಹೆಂಡತಿ ಮಹಾದೇವಿ ನನ್ನನ್ನು ಅಡುಗೆಮನೆಗೆ ಕರೆದಳು. "ಅಕ್ಕಾರ, ಅವರಿಗೆ ನಾ ಹೇಳಿದ್ದು ಕಿವಿಯಾಗ ಹೋಗೂದಿಲ್ಲ. ನೀವು ಅಳದು, 'ಹೋಗಬಹುದು' ಅಂದ್ರ ಕಳಸ್ತೇನಿ, ಬ್ಯಾಡ ಅಂದ್ರ ಟ್ರ್ಯಾಕ್ಟರಿನ ಕೀಲಿ ಬಚ್ಚಿಡ್ತೇನಿ. ನಿಮ್ಮ ಲೆಕ್ಕದ ಮ್ಯಾಲ ಬಿಟ್ಟೇನಿ ನೋಡ್ರಿ," ಎಂದಳು. ಇಷ್ಟು ದೊಡ್ಡ ಮಾತನ್ನು ನನ್ನ ಗಣಿತಕ್ಕೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಮೊದಲು ನೆರಳಿನ ಉಪಾಯ. ಗ್ರೀಕ್ ದೇಶದ ಪಂಡಿತನೊಬ್ಬ ಪಿರಮಿಡ್ಡನ್ನು ಅದರ ನೆರಳಿನಿಂದಲೇ ಅಳೆದನಂತೆ. ಸಾಲೆಯಲ್ಲಿ ಎಷ್ಟೋ ಸಲ ಹೇಳಿದ ಕಥೆ. ಆದರೆ ಅವನಿಗೆ ಮರುಭೂಮಿ ಇತ್ತು. ನಮ್ಮ ಕಂಬದ ನೆರಳು ಅಂಗಳ ದಾಟಿ, ಕಟ್ಟೆ ಹತ್ತಿ, ತಿಪ್ಪೆಯ ಮೇಲೆ ಮುರಿದು, ತುದಿ ಮಾತ್ರ ಎಮ್ಮೆಯ ಬೆನ್ನ ಮೇಲೆ ಬಿದ್ದಿತ್ತು. ಎಮ್ಮೆ ಕದಲಿದರೆ ಕಂಬ ಗಿಡ್ಡಾಗುತ್ತಿತ್ತು. ಮುಂದೆ ಕೋನಮಾಪಕಕ್ಕೆ ದಾರ ಕಟ್ಟಿ ಒಂದು ಕಣ್ಣು ಮುಚ್ಚಿ ನೋಡಿದೆ. ಗಾಳಿಗೆ ದಾರ ಹಾರಾಡಿ, ಒಮ್ಮೆ ಬಂದ ಉತ್ತರ ಇನ್ನೊಮ್ಮೆ ಬರಲಿಲ್ಲ. ಟ್ರ್ಯಾಕ್ಟರ್ ಹೊಡೆಯುವ ಯಲ್ಲಪ್ಪ ಶಿವಾನಂದನನ್ನು ಕಂಬದ ಬಾಜು ನಿಲ್ಲಿಸಿ ಫೋಟೋ ತೆಗೆದು, ಒಬ್ಬ ಶಿವಾನಂದನ ಮೇಲೆ ಎಷ್ಟು ಶಿವಾನಂದರು ಎಂದು ಬೆರಳಿನಿಂದ ಅಳೆದ. ಕ್ಯಾಪ್ಟನ್ ಟೊಪ್ಪಿಗೆಯನ್ನು ಎತ್ತರದ ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂಬಲ್ಲಿ ಜಗಳವಾಯಿತು. ಯಾರದೋ ಮೊಬೈಲಿನ ಆ್ಯಪ್ ಕೂಡ ಕೇಳಿ ನೋಡಿದೆವು. ಅದು ದೋಣಿ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಹೇಳಿತು. ಆ ದುಃಖ ನಮಗೆ ಮೊದಲೇ ಗೊತ್ತಿತ್ತು.

ಹೊತ್ತು ಇಳಿಯುತ್ತ ಬಂದರೂ ಉತ್ತರ ಸಿಗದೆ ನನಗೆ ಸಿಟ್ಟು ಬಂದಿತ್ತು. ದೋಣಿ ಹತ್ತಿ ಸಿಟ್ಟಿನಲ್ಲಿ ಕಂಬಕ್ಕೆ ಒರಗಿದಾಗ ಕೈಗೆ ಹಗ್ಗ ತಾಗಿತು. ಹಾಯಿ ಏರಿಸುವ ಹಗ್ಗ. ಕಂಬದ ತುದಿಯ ಗಾಲಿಯ ಮೇಲೆ ಹಾಯ್ದು ಕೆಳಗೆ ಬರುತ್ತದೆ. ಅದಕ್ಕೆ ದಾರದ ಉಂಡೆಯ ತುದಿ ಕಟ್ಟಿ ಎಳೆದೆ. ದಾರ ಸರಸರನೆ ತುದಿಗೆ ಏರಿತು, ಇನ್ನೊಂದು ತುದಿಯನ್ನು ಟ್ರೇಲರಿನ ಕೆಳಗೆ ನೆಲಕ್ಕೆ ಮುಟ್ಟಿಸಿ ಕತ್ತರಿಸಿದೆ. ಟೇಪು ಹಿಡಿದು ಅಳೆದರೆ, ಕಂಬದ ತುದಿ ತಂತಿಗಿಂತ ಮೂರು ಮೊಳಕ್ಕೂ ತುಸು ಹೆಚ್ಚೇ ಕೆಳಗೆ. ಅನುಮಾನ ಬೇಡವೆಂದು ಮತ್ತೊಮ್ಮೆ ಅಳೆದು, ಮಹಾದೇವಿಗೆ ಹೋಗಬಹುದು ಎಂದೆ. ನೆರೆದ ಹೆಂಗಸರಿಗೆಲ್ಲ ಹಗ್ಗ ಎಳೆದು ತೋರಿಸಿ, "ಈ ಹಗ್ಗಕ್ಕ ಏನ ಕಟ್ಟಿದರೂ ತುದಿಗೆ ಹೋಗಿ ಕುಂದರತೈತಿ," ಎಂದು ಪಾಠವನ್ನೂ ಮಾಡಿದೆ. ಕಲಿಸುವ ಚಟ ಅಳೆಯುವ ಚಟಕ್ಕಿಂತ ಕೆಟ್ಟದ್ದು.

ಪಾಡ್ಯದ ದಿನ ಬೆಳಗಾವಿಯಿಂದ ಹೊರಡಲು ತಡವಾಯಿತು. ಖಾನಾಪುರದಲ್ಲಿ ಬಸ್ಸಿಳಿದು, ಮನೆಗೆ ಹೋಗದೆ ನೇರ ತಂತಿಯ ಹತ್ತಿರವೇ ಹೋಗಿ ಬಿಸಿಲಿಗೆ ಕೊಡೆ ಬಿಚ್ಚಿ ನಿಂತೆ. ನನ್ನ ಲೆಕ್ಕ ತಂತಿಯ ಕೆಳಗೆ ಹಾಯುವುದನ್ನು ಕಣ್ಣಾರೆ ನೋಡುವ ಆಸೆ. ಮೇಲೆ ತಂತಿ ಸಣ್ಣಗೆ ಗುಂಯ್ ಎನ್ನುತ್ತಿತ್ತು. ದಾರಿಯ ತಿರುವಿನಲ್ಲಿ ಕಬ್ಬು ಎತ್ತರಕ್ಕೆ ಬೆಳೆದದ್ದರಿಂದ ಟ್ರ್ಯಾಕ್ಟರ್ ಕಾಣಿಸಲಿಲ್ಲ, ಅದರ ಸ್ಪೀಕರಿನ ಹಾಡು ಮಾತ್ರ ಕೇಳಿಸಿತು. ಆಮೇಲೆ ಕಬ್ಬಿನ ಮೇಲೆ ಕಂಬದ ತುದಿ ಕಂಡಿತು. ಅಲ್ಲಿ ಏನೋ ಹೊಳೆಯುತ್ತಿತ್ತು.

ತಾಮ್ರದ ತಂಬಿಗೆ. ಅದರ ಕೆಳಗೆ ಜರಿಯ ಹಸಿರು ಕುಪ್ಪಸದ ಖಣ, ಬೇವಿನ ಟೊಂಗೆ, ಸಕ್ಕರೆಯ ಸರ. ನಮ್ಮಲ್ಲಿ ಮರಾಠಿ ಮಾತಾಡುವವರ ಮನೆಗಳ ಮುಂದೆ ಪಾಡ್ಯದ ದಿನ ಉದ್ದ ಬಿದಿರಿಗೆ ಇವನ್ನೆಲ್ಲ ಕಟ್ಟಿ ಗುಡಿ ಏರಿಸುತ್ತಾರೆ. ನೆರೆಮನೆಯ ತಾರಾಕಾಕು, ಹೊಸ ವರ್ಷ ಹೊಸ ದೋಣಿ ಗುಡಿಯಿಲ್ಲದೆ ಹೊರಡಬಾರದು ಎಂದಿದ್ದಾಳೆ. ಮಹಾದೇವಿ ಹೌದೆಂದಿದ್ದಾಳೆ. ನಾನು ಕಲಿಸಿದ ಹಗ್ಗಕ್ಕೆ ಬಿದಿರು ಕಟ್ಟಿ, ಕಂಬದ ತುದಿಗೆ ಏರಿಸಿ, ಬಿಗಿದುಬಿಟ್ಟಿದ್ದಾರೆ. ಬಿದಿರು ಕಂಬದ ಮೇಲಕ್ಕೆ ಎಷ್ಟು ಚಾಚಿತ್ತು ಎಂದು ಅಳೆಯುವ ಕೆಲಸವೇ ಇರಲಿಲ್ಲ. ಮೂರು ಮೊಳ ಅಲ್ಲೇ ಮುಗಿದಿತ್ತು. ಕಂಬದ ಬುಡದಲ್ಲಿ ನನ್ನ ತಮ್ಮ, ಟೊಪ್ಪಿಗೆ ಹಾಕಿಕೊಂಡು, ಎರಡೂ ಕೈಯಿಂದ ಅಲ್ಯೂಮಿನಿಯಂ ಹಿಡಿದು ನಿಂತಿದ್ದ.

ಕೂಗಿದೆ. ಹಾಡಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಕೊಡೆ ಬೀಸುತ್ತ ರಸ್ತೆಯ ನಡುವೆ ಓಡಿದೆ. ಯಲ್ಲಪ್ಪ, ಟೀಚರ್ ಸ್ವಾಗತಕ್ಕೆ ಬಂದಿದ್ದಾರೆಂದು ನಗುತ್ತ ಕೈ ಬೀಸಿದ. ಶಿವಾನಂದ ಸಲ್ಯೂಟ್ ಹೊಡೆದ. ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದವಳು ನಾನು. ಬೇರೇನೂ ತೋಚದೆ ಟ್ರ್ಯಾಕ್ಟರಿನ ಎದುರು ರಸ್ತೆಯಲ್ಲಿ ಕೂತುಬಿಟ್ಟೆ.

ಬ್ರೇಕು ಕಿರುಚಿತು. ಯಲ್ಲಪ್ಪ ಹಾರಿ ಇಳಿದು, "ಟೀಚರ್, ಕಾಲಿಗೆ ಏನರ ಆತೇನ್ರಿ?" ಎಂದು ಓಡಿ ಬಂದ. ಕೊಡೆಯ ತುದಿಯಿಂದ ಮೇಲೆ ತೋರಿಸಿದೆ. ಎಲ್ಲರೂ ತಲೆ ಎತ್ತಿದರು. ತಂಬಿಗೆಗೂ ತಂತಿಗೂ ನಡುವೆ ಒಂದು ಟ್ರ್ಯಾಕ್ಟರಿನಷ್ಟು ದಾರಿ ಉಳಿದಿತ್ತು. ಹಾಡನ್ನು ಯಾರೋ ನಿಲ್ಲಿಸಿದರು, ಆಗ ತಂತಿಯ ಗುಂಯ್ ಎಲ್ಲರಿಗೂ ಕೇಳಿಸಿತು.

ಹಿಂದಿನಿಂದ ಆರತಿ ತಾಟು ಹಿಡಿದು ಬಂದ ಮಹಾದೇವಿ ನನ್ನ ಪಕ್ಕ ರಸ್ತೆಯಲ್ಲೇ ಕೂತಳು. "ಗುಡಿ ಕಟ್ಟಿದಾಕಿ ನಾನ ರೀ ಅಕ್ಕಾರ. ನೀವು ಅಳತಿ ಮಾಡೇರಿ ಅಂದಮ್ಯಾಲ ಇನ್ನ ಯಾಕ ಚಿಂತಿ ಅಂತ ಮ್ಯಾಲ ನೋಡಲೇ ಇಲ್ಲ," ಎಂದಳು.

ಗುಡಿ ಇಳಿಸಿ ಮುಂದೆ ಹೋಗೋಣವೆಂದ ಶಿವಾನಂದ. ಮಹಾದೇವಿಯ ಹಿಂದೆಯೇ ಬಂದಿದ್ದ ತಾರಾಕಾಕು ಒಪ್ಪಲಿಲ್ಲ. "ಹೊತ್ತು ಮುಳುಗೂತನಕ ಗುಡಿ ಇಳಸೂ ಪದ್ಧತಿ ಇಲ್ಲಪ್ಪಾ. ವರ್ಷದ ಮೊದಲ್ನೇ ದಿವಸ ಐತಿ."

"ಹಂಗಾದ್ರ ಟ್ರ್ಯಾಕ್ಟರ್ ಇಲ್ಲೇ ನಿಲ್ಲಲಿ," ಎಂದಳು ಮಹಾದೇವಿ. "ನೀವು ಮೊದಲ ಕೆಳಗ ಇಳೀರಿ."

ಕ್ಯಾಪ್ಟನ್ ಇಳಿದ. ದೋಣಿ ಬಿಟ್ಟು ಇಳಿಯಬಾರದೆಂಬ ಶಾಸ್ತ್ರ ಅವನಿಗೂ ನೆನಪಾಗಲಿಲ್ಲ.

ಹೀಗೆ ಆ ದಿನವಿಡೀ ಒಂದು ಹಾಯಿದೋಣಿ ಖಾನಾಪುರದ ಹೊಲದ ದಾರಿಯಲ್ಲಿ ಗುಡಿ ಹೊತ್ತು ನಿಂತಿತ್ತು. ಅದರ ನೆರಳಿನಲ್ಲಿ ಕೂತು ನಾವು ಬೇವು ಬೆಲ್ಲ ತಿಂದೆವು, ಹೋಳಿಗೆ ಉಂಡೆವು. ನಾನು ಮಾತ್ರ ತಂತಿಯಿಂದ ಕಣ್ಣು ಕೀಳಲಿಲ್ಲ. ಹೊತ್ತು ಮುಳುಗಿದ ಮೇಲೆ ತಾರಾಕಾಕು ತಾನೇ ಹಗ್ಗ ಬಿಚ್ಚಿ ಗುಡಿ ಇಳಿಸಿದಳು. ನಾನು ಮತ್ತೆ ದಾರ ಏರಿಸಿ ಅಳೆದೆ. ಉತ್ತರ ಮೊದಲಿನದೇ. ಆದರೂ ಮಹಾದೇವಿ ಗಂಡನನ್ನು ಹತ್ತಗೊಡಲಿಲ್ಲ. ಅವನು ಟ್ರ್ಯಾಕ್ಟರಿನ ಹಿಂದೆ ದೂರದಲ್ಲಿ ನಡೆದೇ ಬಂದ. ಕಂಬ ತಂತಿಯ ಕೆಳಗೆ ಹಾಯುವಾಗ ಅವಳು ನನ್ನ ಮುಂಗೈ ಹಿಡಿದ ಬಿಗಿಗೆ ಬಳೆ ಒತ್ತಿದ ಗುರುತು ಮರುದಿನವೂ ಇತ್ತು.

ಕೆರೆಯಲ್ಲಿ ದೋಣಿ ಈಗಲೂ ಇದೆ. ನೋಡಲು ಬಂದವರು, ಟೀಚರ್ ಅಲ್ಲವೇ ಎಂದು, ಕಂಬ ಎಷ್ಟು ಎತ್ತರ ಎಂದು ನನ್ನನ್ನೇ ಕೇಳುತ್ತಾರೆ. ಉತ್ತರ ನನಗೆ ಬಾಯಿಪಾಠ. ಆದರೂ ಒಮ್ಮೆ ತಲೆ ಎತ್ತಿ ನೋಡಿಯೇ ಹೇಳುತ್ತೇನೆ.